ಹೊಲಿಗೆ ಬಿದ್ದ ಎದೆಗೆ ಅಮ್ಮನ ಎದೆ

ಹಾಲ್ಕುರಿಕೆಯಂಥ ಹಳ್ಳಿಗಳ ಕಡೆಯ ಬಾಣಂತನ ಎಂದರೆ ಕರಟದ ಕೆಂಡ, ಸಾಂಬ್ರಾಣಿ ಹೊಗೆ, ಕೊಬ್ಬರಿ ಎಣ್ಣೆ ಹಚ್ಚಿ ಬಿಸಿನೀರು ಎರೆಯುವ ಅಜ್ಜಿ, ಮಗ್ಗುಲಲ್ಲೇ ಮಗು. ಆ ಮಗು ಹುಟ್ಟಿದ ಎರಡು ಮೂರು ದಿನಕ್ಕೇ ನೀಲಿಗಟ್ಟಿ, ಬೆಂಗಳೂರಿನ ಜಯದೇವ ಆಸ್ಪತ್ರೆಗೋ ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೋ ಹೋಗಬೇಕಾಗಿ ಬಂದರೆ ಚಿತ್ರವೇ ಬದಲಾಗುತ್ತದೆ. ಹಸಿ ಬಾಣಂತಿ ಐಸಿಯು ಬಾಗಿಲಲ್ಲಿ, ಮಗು ಒಳಗೆ ಯಂತ್ರಗಳ ನಡುವೆ. ಹೃದಯದ ಆಪರೇಷನ್ ಆದ ಮೇಲೆ ಅದನ್ನು ಅಮ್ಮನ ಬರಿ ಎದೆಗೆ ಯಾವಾಗ ಕೊಡಬೇಕು? ತಿಳಿದವರಲ್ಲೇ ಇದಕ್ಕೆ ಎರಡು ಮಾತಿದೆ.

ಬೇಗ ಕೊಡಿ ಎನ್ನುವವರ ಬೆನ್ನಿಗೆ ಕಾಂಗರೂ ತಾಯಿ ಆರೈಕೆಯ ಚರಿತ್ರೆಯಿದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ, ಎಡ್ಗರ್ ರೇ ಎಂಬ ವೈದ್ಯರು ದಿನ ತುಂಬದ ಶಿಶುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಕ್ರಮವನ್ನು ದೊಡ್ಡ ಮಟ್ಟದಲ್ಲಿ ಜಾರಿಗೆ ತಂದು ನೋಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ 3,211 ಕಡಿಮೆ ತೂಕದ ಶಿಶುಗಳ ಪೈಕಿ, ಹುಟ್ಟಿದ ಕೂಡಲೇ ಎದೆಗೆ ಹಾಕಿದವುಗಳಲ್ಲಿ 28 ದಿನದೊಳಗೆ ತೀರಿಕೊಂಡವು ಶೇ 12. ಸ್ಥಿತಿ ಸುಧಾರಿಸುವವರೆಗೆ ಕಾಯಿಸಿದವುಗಳಲ್ಲಿ ಶೇ 15.7.

ಆದರೆ ಆ ಅಧ್ಯಯನಕ್ಕೆ ದೊಡ್ಡ ಜನ್ಮದೋಷವಿದ್ದ ಮಕ್ಕಳನ್ನು ಸೇರಿಸಿಕೊಂಡಿರಲಿಲ್ಲ. ಹೃದಯ ಶಸ್ತ್ರಚಿಕಿತ್ಸೆಯಾದ ಶಿಶುಗಳ ಮೇಲೆ ನಡೆದ ಅಧ್ಯಯನಗಳು ಚಿಕ್ಕವು. ಎಚ್ಚರದಿಂದ ಮಾಡಿದರೆ ಮಗುವಿನ ಉಸಿರು, ನಾಡಿ ಕೆಡುವುದಿಲ್ಲ, ತಾಯಿಯ ಆತಂಕ ಇಳಿಯುತ್ತದೆ ಎನ್ನುವಷ್ಟನ್ನು ಅವು ಹೇಳುತ್ತವೆ. ಜೀವ ಉಳಿಯುತ್ತದೆ ಎಂದು ಹೇಳುವ ಬಲ ಅವಕ್ಕಿಲ್ಲ.

ತಡೆಯಿರಿ ಎನ್ನುವವರದು ಬರೀ ಹೆದರಿಕೆಯಲ್ಲ. ಎದೆಮೂಳೆ ಸೀಳಿ ಮಾಡಿದ ಆಪರೇಷನ್ ಅದು. ಊತ ಹೆಚ್ಚಿದ್ದರೆ ಕೆಲವು ದಿನ ಎದೆಯನ್ನು ಮುಚ್ಚದೇ ಬಿಟ್ಟಿರುತ್ತಾರೆ. ಬಾಯಲ್ಲಿ ವೆಂಟಿಲೇಟರ್ ಕೊಳವೆ, ಪಕ್ಕೆಯಲ್ಲಿ ರಕ್ತ ಬಸಿಯುವ ನಳಿಕೆ, ಹೃದಯದಿಂದಲೇ ಹೊರಬಂದ ಪೇಸಿಂಗ್ ತಂತಿ. ಎತ್ತಿ ಕೊಡುವಾಗ ಒಂದು ಜಾರಿದರೂ ಅನಾಹುತ. ಇನ್ನೊಂದು ಸೂಕ್ಷ್ಮವಿದೆ: ಮೊದಲ ಒಂದೆರಡು ದಿನ ಕೆಲವು ಶಿಶುಗಳ ಎದೆಬಡಿತ ಲಯ ತಪ್ಪಿ ಓಡತೊಡಗುತ್ತದೆ, ಮೈ ಬಿಸಿಯಾದಷ್ಟೂ ಅದು ಬಿಗಡಾಯಿಸುತ್ತದೆ. ಆಗ ವೈದ್ಯರು ಬೇಕೆಂದೇ ಮೈಯನ್ನು ತಂಪಾಗಿಡುತ್ತಾರೆ. ದಿನ ತುಂಬದ ಕೂಸಿಗೆ ಮದ್ದಾದ ಅಮ್ಮನ ಕಾವು ಈ ಮಗುವಿಗೆ ಆ ಗಳಿಗೆಯಲ್ಲಿ ಬೇಡದ್ದು.

ಅದೇ ವಾರ್ಡಿನಲ್ಲಿ ತದ್ವಿರುದ್ಧವೂ ಉಂಟು. ಶ್ವಾಸಕೋಶದ ರಕ್ತನಾಳದ ಒತ್ತಡ ಏರುವ ಮಗು ರಚ್ಚೆ ಹಿಡಿದು ಅತ್ತರೆ ಅಪಾಯ. ಅದನ್ನು ಸುಮ್ಮನಾಗಿಸುವುದೂ ಚಿಕಿತ್ಸೆಯೇ. ಕೊಳವೆಗಳು ಹೋದ ಮೇಲೆ ಅಮ್ಮನ ಎದೆಗಿಂತ ಸಲೀಸಾದ ದಾರಿ ಯಾವುದಿದೆ? ಮಗು ಹತ್ತಿರ ಬಂದರೆ ಹಾಲೂ ಬತ್ತುವುದಿಲ್ಲ. ಹಾಗಾಗಿ "ಮಗು ಇನ್ನೂ ಸೂಕ್ಷ್ಮ" ಎಂಬ ಮಾತು ಮೊದಲ ದಿನ ಕೇಳಿದರೆ ಒಪ್ಪುತ್ತೇನೆ. ಎಂಟನೇ ದಿನವೂ ಅದೇ ಮಾತಾದರೆ, ಸೂಕ್ಷ್ಮವಾಗಿರುವುದು ಮಗುವೋ ನರ್ಸ್‌ಗಳ ಸಂಖ್ಯೆಯೋ ಎಂದು ಕೇಳಬೇಕಾಗುತ್ತದೆ. ತಂತಿ ಹಿಡಿಯಲು ಒಬ್ಬರು, ಮಗು ಎತ್ತಲು ಒಬ್ಬರು, ಮಾನಿಟರ್ ನೋಡಲು ಒಬ್ಬರು ಬೇಕು. ಅಷ್ಟು ಕೈ ಎಲ್ಲ ಕಡೆ ಇರುವುದಿಲ್ಲ.

ನನ್ನ ಮಟ್ಟಿಗೆ, ಈ ಚರ್ಚೆಯಲ್ಲಿ ಮರೆತುಹೋಗುವುದು ಆಪರೇಷನ್ನಿಗೆ ಮುಂಚಿನ ದಿನಗಳು. ಮಹಾ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಮಗು ಪ್ರೊಸ್ಟಗ್ಲಾಂಡಿನ್ ಎಂಬ ಔಷಧದ ಡ್ರಿಪ್ ಮೇಲೆ ಹಲವು ದಿನ ಕಾಯುವುದುಂಟು. ಎದೆಯಲ್ಲಿ ಗಾಯವಿಲ್ಲ, ಸ್ಥಿತಿ ಸ್ಥಿರವಾಗಿದ್ದರೆ ಅಡ್ಡಿ ಕಡಿಮೆ. ತಾಯಿ ಹೊಲಿಗೆಯ ನೋವಲ್ಲಿ ಊರಲ್ಲೇ ಉಳಿದಿದ್ದರೆ ಅಪ್ಪನ ಎದೆಯೂ ಆದೀತು. ಗಂಡಸು ಅಂಗಿ ಬಿಚ್ಚಿ ಕೂಸನ್ನು ಅವಚಿಕೊಂಡು ಕೂರುವುದಕ್ಕೆ ನಮ್ಮಲ್ಲಿ ಇರುವ ನಾಚಿಕೆ ಬೇರೆ ಮಾತು. ಆಪರೇಷನ್ ಆದ ಹಸಿ ದಿನಗಳಲ್ಲಿ ಎದೆಗೆ ಹಾಕಲಾಗದಿದ್ದರೂ ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಪಾದದ ಮೇಲೆ ಅಲುಗಿಸದೆ ಇಟ್ಟು ಕೂರಬಹುದು.

ಊರಿಗೆ ಬಂದ ಮೇಲೆ ವಾದ ತಿರುಗಿ ನಿಲ್ಲುತ್ತದೆ. ಅಲ್ಲಿ ಮುಟ್ಟಲು ಜನರ ಕೊರತೆಯಿಲ್ಲ. ಎರೆಯುವ ಅಜ್ಜಿ ತೋಳೆರಡನ್ನೂ ಅಡ್ಡಡ್ಡ ಎಳೆಯುವುದು, ಕಂಕುಳಿಗೆ ಕೈ ಹಾಕಿ ಎತ್ತುವುದು ಎದೆಮೂಳೆ ಕೂಡುವ ಆರೇಳು ವಾರ ಸಲ್ಲದು. ತಲೆಯಡಿ ಒಂದು ಕೈ, ಕುಂಡೆಯಡಿ ಒಂದು ಕೈ ಕೊಟ್ಟು ಎತ್ತಬೇಕು. ಗಾಯಕ್ಕೆ ಎಣ್ಣೆ ಬೇಡ, ಕೋಣೆಯಲ್ಲಿ ಹೊಗೆ ಬೇಡ. ಡಿಸ್ಚಾರ್ಜ್ ದಿನ ಇದನ್ನು ತಾಯಿಗೆ ಹೇಳಿ ಕಳಿಸಿದರೆ ಸಾಲದು, ಎರೆಯುವವರನ್ನೂ ಕರೆಸಿ ಹೇಳಬೇಕು.