ಅಳತೆ ತಿದ್ದಿದರೆ ಮೋಸವೇ?

ಪ್ರಯೋಗದಲ್ಲಿ ಪುಸ್ತಕದ ಉತ್ತರ ಬರದಿದ್ದರೆ ನೀವೇನು ಮಾಡುತ್ತೀರಿ? ನಿಜ ಹೇಳಿ! ಕುದಿಯುವ ನೀರಿನಲ್ಲಿ ಥರ್ಮಾಮೀಟರ್ 97 ಡಿಗ್ರಿ ತೋರಿಸಿದರೂ 100 ಎಂದು ಬರೆದುಬಿಡುವವರು ಬಹಳ ಮಂದಿ. ಇದು ಮೋಸವೆಂದೇ ನನ್ನ ಅಭಿಪ್ರಾಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಸರಿಯಾದ ಅಳತೆಯನ್ನೇ ಅಳಿಸಿದಂತಾಯಿತಲ್ಲ!

ಹಾಗಾದರೆ ಅಳತೆಯನ್ನು ತಿದ್ದಲೇಬಾರದೇ? ತಿದ್ದಬಹುದು. ಸ್ಕೇಲಿನ ತುದಿ ಮುರಿದಿದ್ದರೆ 1ನೇ ಗೆರೆಯಿಂದ ಅಳೆದು, ಕೊನೆಗೆ 1 ಕಳೆಯುತ್ತೀರಿ. ಇಲ್ಲಿ ನಿಮಗೆ ಮೊದಲೇ ಗೊತ್ತಿರುವುದು ಸ್ಕೇಲಿನ ದೋಷ, ಪೆನ್ಸಿಲಿನ ಉದ್ದವಲ್ಲ.

ದೊಡ್ಡ ವಿಜ್ಞಾನಿಗಳಿಗೂ ಇಂಥ ಪೇಚು ಬಂದಿತ್ತು. 1990ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕ ಬಾಹ್ಯಾಕಾಶಕ್ಕೆ ಹೋಯಿತು. ಅದರ ಕನ್ನಡಿ 2.4 ಮೀಟರ್ ಅಗಲ. ಉಜ್ಜುವಾಗ ಅಂಚು ಸುಮಾರು 2 ಮೈಕ್ರಾನ್‌ನಷ್ಟು ಹೆಚ್ಚು ಸವೆದಿತ್ತು. ಅಂದರೆ ತಲೆಗೂದಲಿನ ದಪ್ಪದ ಸುಮಾರು ಐವತ್ತನೇ ಒಂದು ಪಾಲು! ಅಷ್ಟಕ್ಕೇ ಚುಕ್ಕಿಯಂತೆ ಕಾಣಬೇಕಾದ ನಕ್ಷತ್ರಗಳ ಸುತ್ತ ಬೆಳಕು ಹರಡಿ ಚಿತ್ರಗಳೆಲ್ಲ ಮಸುಕಾದವು.

ಒದ್ದೆ ಕಾಗದದ ಮೇಲೆ ಶಾಯಿಯ ಚುಕ್ಕಿಗಳನ್ನಿಟ್ಟು ನೋಡಿ. ಪ್ರತಿ ಚುಕ್ಕಿಯೂ ಹೆಚ್ಚುಕಡಿಮೆ ಒಂದೇ ರೀತಿ ಹರಡುತ್ತದೆ, ಹತ್ತಿರದವು ಬೆರೆತುಹೋಗುತ್ತವೆ. ಒಂಟಿ ಚುಕ್ಕಿ ಹೇಗೆ ಹರಡಿತೆಂದು ತಿಳಿದರೆ ಬೆರೆತವನ್ನೂ ಬಿಡಿಸಬಹುದು. ವಿಜ್ಞಾನಿಗಳು ಒಂಟಿ ನಕ್ಷತ್ರದ ಮಸುಕನ್ನು ಅಳೆದರು. ನಿಜವಾದ ಆಕಾಶ ಹೀಗಿರಬಹುದೆಂದು ಕಂಪ್ಯೂಟರಿನಲ್ಲಿ ಒಂದು ಊಹೆ ಮಾಡಿದರು. ಆ ಊಹೆಯನ್ನು ಅದೇ ರೀತಿ ಮಸುಕು ಮಾಡಿ, ಹಬಲ್ ಕಳಿಸಿದ ಚಿತ್ರದೊಡನೆ ಹೋಲಿಸಿದರು. ವ್ಯತ್ಯಾಸ ಕಂಡಲ್ಲಿ ಊಹೆಯನ್ನು ತಿದ್ದಿ ಮತ್ತೆ ಹೋಲಿಸಿದರು. ಹೀಗೆ ಹತ್ತಾರು ಬಾರಿ! ಇಂಥ ಲೆಕ್ಕಕ್ಕೆ 'ಡಿಕಾನ್ವಲ್ಯೂಷನ್' ಎನ್ನುತ್ತಾರೆ. ಹೆಸರು ಕಷ್ಟ, ಕೆಲಸ ಮಾತ್ರ ಮುರಿದ ಸ್ಕೇಲಿನದೇ. ರಿಚರ್ಡ್‌ಸನ್ 1972ರಲ್ಲಿ, ಲ್ಯೂಸಿ 1974ರಲ್ಲಿ ಈ ದಾರಿಯನ್ನು ಬೇರೆಬೇರೆಯಾಗಿ ಕಂಡುಕೊಂಡಿದ್ದರು.

ಆದರೆ ಲೆಕ್ಕ ಮಂತ್ರವಲ್ಲ. ತೀರ ಮಂಕಾದ ನಕ್ಷತ್ರದ ಬೆಳಕು ಹರಡಿ ಕಾಣದಂತಾಗಿದ್ದರೆ ಅದನ್ನು ಮರಳಿ ತರಲಾಗದು. ಅತಿಯಾಗಿ ತಿದ್ದುತ್ತಾ ಹೋದರೆ ಇಲ್ಲದ ನಕ್ಷತ್ರಗಳೂ ಮೂಡಬಹುದು! ಅದಕ್ಕೇ 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ಹಬಲ್‌ಗೆ ಕನ್ನಡಕ ತೊಡಿಸಿದಂತೆ ದೋಷ ಸರಿಪಡಿಸುವ ಪುಟ್ಟ ಕನ್ನಡಿಗಳನ್ನು ಜೋಡಿಸಿದರು.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇನ್ನೊಂದು. ತಿದ್ದಿದ ಚಿತ್ರ ಸಿಕ್ಕಿತೆಂದು ಮಸುಕು ಚಿತ್ರಗಳನ್ನು ಅವರು ಎಸೆಯಲಿಲ್ಲ. ಅವು ಇಂದಿಗೂ ಭದ್ರವಾಗಿವೆ. ಅನುಮಾನ ಬಂದವರು ತೆಗೆದುಕೊಂಡು ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು.