ನಾಯಿಗೆ ವರ್ಷಕ್ಕೆಷ್ಟು ಸೂಜಿ?

ನಾಯಿ ಸಾಕಿದ ಮನೆಯಲ್ಲಿ ಒಂದು ಲಸಿಕೆ ಪುಸ್ತಕ ಇದ್ದೇ ಇರುತ್ತದೆ. ಮಗನ ಲಸಿಕೆ ಕಾರ್ಡು ಎಲ್ಲಿದೆ ಅಂತ ಕೇಳಿದರೆ ನಾನು ಬೀರು ತಡಕಾಡಬೇಕು, ನಾಯಿಯದ್ದು ಮಾತ್ರ ಟೀವಿ ಪಕ್ಕದಲ್ಲೇ ಇದೆ. ಮರೆಯೋಣ ಅಂದರೂ ಕ್ಲಿನಿಕ್‌ನವರು ಬಿಡಬೇಕಲ್ಲ! ದಿನ ಹತ್ತಿರ ಬಂತೆಂದರೆ ಫೋನಿಗೆ ಮೆಸೇಜು ಬರುತ್ತದೆ. ಹೋದರೆ ಒಂದು ಸೂಜಿಯಲ್ಲಿ ಏಳೋ ಒಂಬತ್ತೋ ರೋಗಕ್ಕೆ, ಇನ್ನೊಂದು ರೇಬೀಸ್‌ಗೆ, ಮತ್ತೊಂದು ಕೊರೊನಾಕ್ಕೆ (ನಮ್ಮನ್ನು 2020ರಲ್ಲಿ ಮನೆಯೊಳಗೆ ಕೂರಿಸಿದ್ದು ಅಲ್ಲ, ನಾಯಿಗಳದ್ದೇ ಬೇರೆ), ಮಗದೊಂದು ಕೆಮ್ಮಿಗೆ. ಬಿಲ್ಲು ನೋಡಿದರೆ ನಮಗೇ ಒಂದು ಸೂಜಿ ಬೇಕು ಅನ್ನಿಸುತ್ತದೆ :-)

"ಇದೆಲ್ಲ ಪ್ರತಿವರ್ಷ ಬೇಕಾ ಡಾಕ್ಟ್ರೇ?" ಅಂತ ಕೇಳಿದರೆ ಹಿಂದೆ ಹೋಗುತ್ತಿದ್ದ ಕಡೆ ಸಿಗುತ್ತಿದ್ದ ಉತ್ತರ ಒಂದೇ: "ಹಾಕಿಸಿಬಿಡಿ, ಯಾಕೆ ರಿಸ್ಕು?" ಇದಕ್ಕೆ ಬೇಸತ್ತು ಇಂಟರ್ನೆಟ್ಟಿನಲ್ಲಿ ಓದಿಕೊಂಡವರು ಇನ್ನೊಂದು ತುದಿಗೆ ಹೋಗುತ್ತಾರೆ. ವರ್ಷವರ್ಷದ ಬೂಸ್ಟರ್ ಬರೀ ದುಡ್ಡು ಮಾಡುವ ದಂಧೆಯಂತೆ, ನಾವು ಎಲ್ಲಾ ನಿಲ್ಲಿಸಿದ್ದೇವೆ ಅನ್ನುತ್ತಾರೆ. ಎಲ್ಲಾ ಅಂದರೆ ರೇಬೀಸ್ ಕೂಡ. ನನಗೆ ಹೆದರಿಕೆ ಇರುವುದು ಈ ಎರಡನೇ ಗುಂಪಿನ ಬಗ್ಗೆಯೇ. ಮೊದಲನೆಯವರಿಗೆ ದುಡ್ಡು ಹೋಗುತ್ತದೆ, ಎರಡನೆಯವರ ಮನೆಯಲ್ಲಿ ಜೀವ ಹೋಗಬಹುದು.

ಈ ಲಸಿಕೆಗಳೆಲ್ಲ ಒಂದೇ ಜಾತಿಯವಲ್ಲ ಅನ್ನುವುದನ್ನು ಯಾರೂ ಬಿಡಿಸಿ ಹೇಳದೇ ಇರುವುದೇ ತೊಂದರೆ.

ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ಈ ಮೂರನ್ನು ತೆಗೆದುಕೊಳ್ಳಿ. ಮೂರೂ ವೈರಸ್. ಇವುಗಳ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್ಸೇ, ಬಲ ತಗ್ಗಿಸಿದ್ದು. ನಾಯಿಯ ಮೈಯಲ್ಲಿ ಅದು ಸ್ವಲ್ಪ ದಿನ ಬೆಳೆದು, ಮೈಗೆ ಪಾಠ ಕಲಿಸಿ ಹೋಗುತ್ತದೆ. ಆ ಪಾಠ ವರ್ಷಕ್ಕೆ ಮರೆತುಹೋಗುವಂಥದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೊನಾಲ್ಡ್ ಶುಲ್ಟ್ಸ್ ಎಂಬ ವಿಜ್ಞಾನಿ ಇದನ್ನೇ ದಶಕಗಟ್ಟಲೆ ಪರೀಕ್ಷಿಸಿ, ರಕ್ಷಣೆ ಹಲವು ವರ್ಷ ಉಳಿಯುತ್ತದೆ ಎಂದು ತೋರಿಸಿದರು. 2003ರಲ್ಲಿ ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ ಇವಕ್ಕೆ ಮೂರು ವರ್ಷಕ್ಕೊಮ್ಮೆ ಸಾಕು ಅಂದಿತು. ಜಗತ್ತಿನ ಸಾಕುಪ್ರಾಣಿ ವೈದ್ಯ ಸಂಘಗಳ ಒಕ್ಕೂಟವಾದ ವಸಾವಾ ಕೂಡ ತನ್ನ ಮಾರ್ಗಸೂಚಿಯಲ್ಲಿ ಹೇಳುವುದು ಅದನ್ನೇ: ದೊಡ್ಡ ನಾಯಿಗೆ ಮೂರು ವರ್ಷಕ್ಕಿಂತ ಬೇಗ ಬೇಡ. ಅದರ 2024ರ ಆವೃತ್ತಿಯಲ್ಲೂ ಈ ಮಾತು ಬದಲಾಗಿಲ್ಲ.

ಆದರೆ ಇದಕ್ಕೊಂದು ಷರತ್ತು ಇದೆ. ಮರಿ ಇದ್ದಾಗಿನ ಕೋರ್ಸು ಸರಿಯಾಗಿ ಮುಗಿದಿರಬೇಕು. ಮರಿಗೆ ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಇರುತ್ತದಲ್ಲ, ಅದು ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಶತ್ರು ಅಂತ ತಿಳಿದು ಮುಗಿಸಿಬಿಡುತ್ತದೆ. ಯಾವ ಮರಿಯಲ್ಲಿ ಅದು ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಆರೆಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ, ಕೊನೆಯದ್ದು ಹದಿನಾರು ವಾರ ತುಂಬಿದ ಮೇಲೆ ಬೀಳಬೇಕು. ಆಮೇಲೆ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಇನ್ನೊಂದು. ನಮ್ಮಲ್ಲಿ ಮಾರುವವರು ನಲವತ್ತು ದಿನದ ಮರಿಯ ಜೊತೆ "ವ್ಯಾಕ್ಸಿನ್ ಆಗಿದೆ ಸಾರ್" ಅಂತ ಸೀಲು ಹೊಡೆದ ಕಾರ್ಡು ಕೊಟ್ಟು ಕಳಿಸುತ್ತಾರೆ. ಅದನ್ನು ನಂಬಿ ಸುಮ್ಮನಾದ ಮನೆಯಲ್ಲೇ ಪಾರ್ವೋ ಬಂದು, ರಕ್ತಭೇದಿಯಾಗಿ, ಮೂರು ದಿನದಲ್ಲಿ ಮರಿ ಸಾಯುವುದು. ಜಿಪುಣತನ ಮಾಡುವುದಿದ್ದರೆ ಐದು ವರ್ಷದ ನಾಯಿಗೆ ಮಾಡಿ, ಮರಿಗೆ ಬೇಡ.

ಇನ್ನು ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್. ಇದು ವೈರಸ್ ಅಲ್ಲ, ಬ್ಯಾಕ್ಟೀರಿಯ. ಲಸಿಕೆಯಲ್ಲಿ ಇರುವುದು ಸತ್ತ ಬ್ಯಾಕ್ಟೀರಿಯ. ಈ ಪಾಠ ಸುಮಾರು ಒಂದು ವರ್ಷಕ್ಕೆ ಮರೆತುಹೋಗುತ್ತದೆ, ಆದ್ದರಿಂದ ವರ್ಷವರ್ಷ ಬೇಕು. ಮೊದಲ ಸಲಕ್ಕಂತೂ ಕೆಲವು ವಾರಗಳ ಅಂತರದಲ್ಲಿ ಎರಡು. ಯಾರಿಗೆ ಬೇಕು? ಊರಲ್ಲಿ ನಮ್ಮಪ್ಪನ ಹತ್ತಿರ ಇರುವ ಕರಿಯನಿಗೆ ಖಂಡಿತ ಬೇಕು. ಮಳೆಗಾಲವಿಡೀ ಅಡಿಕೆ ತೋಟದ ಕೆಸರಿನಲ್ಲಿ ಇಲಿ ಹೆಗ್ಗಣದ ಹಿಂದೆ ಓಡುತ್ತಾನೆ, ನಿಂತ ನೀರು ಕುಡಿಯುತ್ತಾನೆ. ಆ ನೀರಿನಲ್ಲಿ ಇಲಿಯ ಉಚ್ಚೆ ಸೇರಿದ್ದರೆ ಅವನಿಗೂ ಬರಬಹುದು, ಅವನಿಂದ ಅಪ್ಪನಿಗೂ ಬರಬಹುದು. ಮಲೆನಾಡು, ಕರಾವಳಿಯವರಿಗೆ ಇಲಿಜ್ವರ ಏನು ಅಂತ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಮೂರನೇ ಮಹಡಿಯಲ್ಲಿ ಮಲಗಿರುವ ನಮ್ಮನೆಯದಕ್ಕೆ? ರಾಜಕಾಲುವೆ ಪಕ್ಕದ ಬೀದಿಯಲ್ಲೇ ದಿನಾ ವಾಕಿಂಗ್ ಹೋಗುವುದರಿಂದ ನಾನು ಹಾಕಿಸುತ್ತೇನೆ. ಈ ಲಸಿಕೆ ತನ್ನೊಳಗೆ ಸೇರಿಸಿರುವ ತಳಿಗಳಿಗೆ ಮಾತ್ರ ತಡೆ ಅನ್ನುವುದೂ ನೆನಪಿರಲಿ. ಏಳೊಂಬತ್ತರ ಗುಂಪಿನಲ್ಲೇ ಇದೂ ಸೇರಿ ಬರುವುದರಿಂದ, ಇಲಿಜ್ವರದ್ದು ಮಾತ್ರ ಹಾಕಿ ಅಂತ ಬಾಯಿಬಿಟ್ಟು ಕೇಳಬೇಕು. ತರಿಸಿಕೊಡುವ ವೈದ್ಯರಿದ್ದಾರೆ.

ನಾಯಿ ಕೊರೊನಾದ ಲಸಿಕೆಯನ್ನು ವಸಾವಾ ಶಿಫಾರಸು ಮಾಡುವುದಿಲ್ಲ. ಕೆಮ್ಮಿನದ್ದು, ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗಿನಲ್ಲಿ ಬಿಡುವವರಿಗೆ.

ರೇಬೀಸ್ ವಿಷಯದಲ್ಲಿ ಮಾತ್ರ ನಾನು ವಾದ ಮಾಡುವುದಿಲ್ಲ. ಕೆಲವು ದೇಶಗಳಲ್ಲಿ ಇದನ್ನೂ ಮೂರು ವರ್ಷಕ್ಕೊಮ್ಮೆ ಮಾಡಿದ್ದಾರೆ ಅಂತ ಗೊತ್ತು. ಅಲ್ಲಿ ಬೀದಿಯಲ್ಲಿ ರೇಬೀಸ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ. 36 ನಮ್ಮ ದೇಶದ್ದು. ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲ ಅನ್ನುವಷ್ಟು ಕಡಿಮೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಹೆದರಿಸಿಕೊಂಡು ಬೆಳೆದ ತಲೆಮಾರು ನಮ್ಮದು. ಆ ಹಳೇ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ನಿಂತಿದ್ದು 2004ರ ಕೊನೆಗೆ. ಈಗ ತೋಳಿಗೆ ನಾಲ್ಕೈದು ಸೂಜಿ ಅಷ್ಟೆ, ಆದರೆ ರೋಗ ಹಾಗೇ ಇದೆ. ಇಲ್ಲಿ ನಾಯಿಗೆ ವರ್ಷಕ್ಕೊಮ್ಮೆ ಅಂದರೆ ವರ್ಷಕ್ಕೊಮ್ಮೆಯೇ. ಮತ್ತೆ, ಲಸಿಕೆ ಆದ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಲೇಬೇಕು. "ನಮ್ಮ ನಾಯೀನೇ ಅಲ್ವಾ" ಅಂತ ಅರಿಶಿನ ಮೆತ್ತಿ ಕೂರಬೇಡಿ.

ವೈದ್ಯರ ಕಡೆಯದ್ದೂ ಒಂದು ಮಾತಿದೆ, ಅದರಲ್ಲಿ ಹುರುಳಿದೆ. ವರ್ಷಕ್ಕೊಮ್ಮೆ ಲಸಿಕೆ ನೆಪ ಇಲ್ಲದಿದ್ದರೆ ನೀವು ನಾಯಿಯನ್ನು ತೋರಿಸುವುದೇ ಇಲ್ಲ ಅನ್ನುತ್ತಾರೆ. ನಿಜ. ಹಲ್ಲು, ಹೃದಯ, ತೂಕ, ಉಣ್ಣಿ ಎಲ್ಲ ಅವತ್ತೇ ನೋಡುವುದು. ಹಾಗಿದ್ದರೆ ನೋಡಿದ್ದಕ್ಕೆ ಫೀಸು ತೆಗೆದುಕೊಳ್ಳಲಿ, ಕೊಡೋಣ. ಬೇಡದ ಸೂಜಿಯಲ್ಲಿ ಯಾಕೆ ಅದನ್ನು ವಸೂಲು ಮಾಡಬೇಕು? ಸಣ್ಣ ಜಾತಿಯ ನಾಯಿಗಳಿಗೆ ಒಂದೇ ದಿನ ಮೂರ್ನಾಲ್ಕು ಲಸಿಕೆ ಚುಚ್ಚಿದರೆ ಮುಖ ಊದುವುದು, ವಾಂತಿ ಇಂಥ ತೊಂದರೆ ಹೆಚ್ಚು ಅನ್ನುವುದನ್ನೂ ಗಮನಿಸಬೇಕು.

ಎಷ್ಟು ಸೂಜಿ ಅಂತ ಲೆಕ್ಕ ಹಾಕುವವರು ಫ್ರಿಜ್ಜಿನ ಬಗ್ಗೆ ಯಾಕೆ ಕೇಳುವುದಿಲ್ಲವೋ! ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮೂರಿನಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ನಾಳೆಯೋ ನಾಡಿದ್ದೋ. ಬೆಚ್ಚಗಾದ ಸೀಸೆಯಿಂದ ವರ್ಷವರ್ಷ ಚುಚ್ಚಿದರೂ ನೀರು ಚುಚ್ಚಿದ ಹಾಗೆ. ಸೀಸೆಯನ್ನು ನಿಮ್ಮೆದುರೇ ತೆಗೆಯಲಿ, ಸ್ಟಿಕ್ಕರು ಪುಸ್ತಕಕ್ಕೆ ಅಂಟಿಸಲಿ, ಎಕ್ಸ್‌ಪೈರಿ ನೀವೇ ಓದಿ.

ನಾನೀಗ ಮಾಡಿರುವುದು ಇಷ್ಟು. ಪಾರ್ವೋ-ಡಿಸ್ಟೆಂಪರ್ ಪುಟದಲ್ಲಿ ಮುಂದಿನ ತಾರೀಖು ಮೂರು ವರ್ಷಕ್ಕೆ ಬರೆಸಿದ್ದೇನೆ. ಈಗಿನ ವೈದ್ಯರು ನಕ್ಕು ಒಪ್ಪಿದರು. ರೇಬೀಸ್ ಮತ್ತು ಇಲಿಜ್ವರದ್ದು ಮೇ ತಿಂಗಳಿನಲ್ಲಿ, ಮಳೆಗೆ ಮೊದಲು. ಉಳಿದ ದುಡ್ಡಿನಲ್ಲಿ ನಮ್ಮ ಬೀದಿಯ ನಾಲ್ಕು ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸಿದೆವು. ಇದ್ದುದರಲ್ಲಿ ಅಗ್ಗದ ಲಸಿಕೆ ಅದೇ. ಮೂರು ಬಿಸ್ಕತ್ತಿಗೆ ಸಿಕ್ಕವು, ನಾಲ್ಕನೆಯದನ್ನು ಹಿಡಿಯಲು ಎರಡು ಭಾನುವಾರ ಹೋಯಿತು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಹಲವು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿಯೂ ಹಾಕುತ್ತಾರೆ. ಕರಿಯನನ್ನು ಅಪ್ಪ ಅಲ್ಲಿಗೇ ಸ್ಕೂಟರಿನ ಮುಂದೆ ಕೂರಿಸಿಕೊಂಡು ಹೋಗುವುದು.

ನಿಮ್ಮೂರಿನ ಡಾಕ್ಟರು ಏನಂತಾರೆ? ಇಲಿಜ್ವರದ್ದು ಮಾತ್ರ ಬೇರೆಯಾಗಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ.