ಹತ್ತಡಿಯ ಖೋಲಿ, ಹರಿಯದ ಮೋರಿ

ಮುಂಬಯಿಯಲ್ಲಿ ನೆಲಸಿರುವ ನಮ್ಮವರಲ್ಲಿ ಎಷ್ಟೋ ಮಂದಿಯ ಸಂಸಾರವು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಖೋಲಿಯೊಳಗೆ ನಡೆಯುತ್ತಿದೆ. ಅದೇ ಅಡುಗೆಯ ಮನೆ, ಅದೇ ಮಲಗುವ ಮನೆ. ಮೂಲೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿದ ಮೋರಿಯೇ ಬಚ್ಚಲು. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಕುರಿತು ನಾವು ದಿನವೂ ಮಾತನಾಡುತ್ತೇವೆ. ಬಳಸಿ ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನಾದರೋ, ಮಳೆಗಾಲದಲ್ಲಿ ಅದು ಹೊಸ್ತಿಲು ದಾಟಿ ಹಿಂದಿರುಗಿ ಬಂದಾಗ ಮಾತ್ರ ವಿಚಾರಿಸುತ್ತೇವೆ.

ಇದು ಕೆಲವರ ಕಷ್ಟವಲ್ಲ. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ಜನರಲ್ಲಿ ನೂರಕ್ಕೆ 40ಕ್ಕೂ ಮಿಕ್ಕಿದವರು ಝೋಪಡಪಟ್ಟಿಗಳಲ್ಲಿ ಇದ್ದರು. ಅಂತಹ ಅನೇಕ ಕಡೆಗಳಲ್ಲಿ ಮೋರಿಯ ನೀರು ತೆರೆದ ಗಟಾರಕ್ಕೂ, ಗಟಾರದ ನೀರು ನಾಲೆಗೂ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದು ಮೀಠಿ ನದಿಯು ಉಕ್ಕಿದಾಗ, ಆ ಕೊಳಚೆಯೆಲ್ಲವೂ ಮನೆಯೊಳಗೆ ನುಗ್ಗಿತು. ನೀರಿಳಿದ ಬಳಿಕ ಇಲಿಜ್ವರವು ಹರಡಿ ಜನರು ಸತ್ತರು. ಚಿಕ್ಕ ಮನೆಯ ಕೊಳಚೆಯು ಚಿಕ್ಕ ವಿಷಯವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಇಂತಹ ಮನೆಗೆ ಇರುವ ದಾರಿಗಳಾವುವು? ನಗರದೊಳಗೆ ಮೊದಲನೆಯದೂ ಉತ್ತಮವಾದುದೂ ಒಳಚರಂಡಿಯ ಜೋಡಣೆಯೇ. ಒಬ್ಬೊಬ್ಬರಿಗೆ ಅದು ಕೈಗೆಟುಕದಿದ್ದರೂ ಒಂದು ಸಾಲಿನ ಇಪ್ಪತ್ತು ಮನೆಯವರು ಕೂಡಿ ಕೇಳಿದರೆ ದೊರೆಯುವ ಸಂಭವ ಹೆಚ್ಚು. ಅದಿಲ್ಲದೆಡೆ ಸಾಮೂಹಿಕ ಪಾಯಖಾನೆ, ಅದರಡಿಯಲ್ಲಿ ಸೆಪ್ಟಿಕ್ ಟ್ಯಾಂಕು. ಈ ಟ್ಯಾಂಕಿನ ವಿಷಯದಲ್ಲಿ ಜನರಿಗೊಂದು ಭ್ರಮೆಯಿದೆ. ಒಳಗೆ ಹೋದುದೆಲ್ಲವೂ ಅಲ್ಲಿಯೇ ಕರಗಿ ಶುದ್ಧವಾಗುವುದೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಟ್ಯಾಂಕು ಮಾಡುವುದು ಗಟ್ಟಿಯಾದುದನ್ನು ತಳದಲ್ಲಿ ತಂಗಿಸಿ, ಸ್ವಲ್ಪ ಭಾಗವನ್ನು ಕೊಳೆಯಿಸುವುದಷ್ಟೆ. ಹೊರಗೆ ಹರಿಯುವ ನೀರಿನಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಅದನ್ನು ಇಂಗುಗುಂಡಿಗೋ ಒಳಚರಂಡಿಗೋ ಬಿಡಬೇಕೇ ಹೊರತು ಗಟಾರಕ್ಕಲ್ಲ. ತಳದ ಹೂಳನ್ನು ಎರಡು ಮೂರು ವರ್ಷಗಳಿಗೊಮ್ಮೆ ತೆಗೆಯಿಸಲೇಬೇಕು.

ತೆಗೆಯುವವರು ಯಾರು? ಇಲ್ಲಿ ನಮ್ಮ ಆತ್ಮಸಾಕ್ಷಿಯ ಪ್ರಶ್ನೆ ಬರುತ್ತದೆ. ಟ್ಯಾಂಕಿನೊಳಗೆ ಹುಟ್ಟುವ ವಿಷವಾಯುವು ಇಳಿದವನನ್ನು ಕ್ಷಣಾರ್ಧದಲ್ಲಿ ಕೆಡಹಬಲ್ಲುದು. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಮೇಲೆ ಬರುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯಿದೆಯು ಅಪರಾಧವೆಂದು ಸಾರಿದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಸಾವುಗಳು ನಿಂತಿಲ್ಲ. ನಾಲ್ಕು ಕಾಸು ಉಳಿಯುವುದೆಂದು ಯಂತ್ರದ ಗಾಡಿಯನ್ನು ಬಿಟ್ಟು ಬಡವನೊಬ್ಬನನ್ನು ಹಗ್ಗ ಕಟ್ಟಿ ಇಳಿಸುವ ಚಾಳಿನವರು, ಹೋಟೆಲಿನವರು ಆ ಪಾಪಕ್ಕೆ ಪಾಲುದಾರರು. ನಮ್ಮ ಜನರ ಕಟ್ಟಡದಲ್ಲಿ ಅದು ನಡೆಯಕೂಡದು.

ಹೋಟೆಲು ಕೆಲಸದ ನಮ್ಮ ಬಂಧುಗಳಿಗೆ ಇನ್ನೊಂದು ಮಾತು ಸಹಜವಾಗಿ ಅರ್ಥವಾದೀತು. ಪಾತ್ರೆ ತೊಳೆಯುವ ತೊಟ್ಟಿಯಿಂದ ಹೋಗುವ ಎಣ್ಣೆಯ ಜಿಡ್ಡು ಕೊಳವೆಯಲ್ಲಿ ಆರಿ ಗಟ್ಟಿಯಾಗಿ, ತಿಂಗಳೊಪ್ಪತ್ತಿನಲ್ಲಿ ದಾರಿಯನ್ನೇ ಮುಚ್ಚುತ್ತದೆ. ಜಿಡ್ಡನ್ನು ತಡೆಯುವ ಸಣ್ಣ ತೊಟ್ಟಿಯನ್ನು ನಡುವೆ ಇರಿಸಿ ಆಗಾಗ ಬಳಿದು ತೆಗೆದರೆ ಈ ಕಾಟವಿಲ್ಲ. ಖೋಲಿಯಲ್ಲಿಯೂ ಅಷ್ಟೆ: ಮೋರಿಯ ಬಾಯಿಗೆ ಒಂದು ಜಾಲರಿ, ಅನ್ನದ ಅಗುಳು, ಚಹದ ಚರಟ, ಕರಿದ ಎಣ್ಣೆ ಇವು ಮೋರಿಗೆ ಬೀಳದಂತೆ ಎಚ್ಚರ. ಇದಕ್ಕೆ ಪಾಲಿಕೆಯ ಅಪ್ಪಣೆ ಬೇಕಿಲ್ಲ.

ಇನ್ನು ಊರಿನ ಮಾತು. ಹತ್ತಾರು ವರ್ಷ ದುಡಿದು ಉಳಿಸಿದ ಹಣದಲ್ಲಿ ನಮ್ಮವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆ ಐದು ಸೆಂಟ್ಸು ಜಾಗದಲ್ಲಿ ಪುಟ್ಟ ಮನೆ ಕಟ್ಟಿಸುತ್ತಾರೆ. ಅಲ್ಲಿ ಒಳಚರಂಡಿಯಿಲ್ಲದಿದ್ದರೆ ಚಿಂತೆಯಿಲ್ಲ. ಜಾಗವಿದ್ದೆಡೆ ಎರಡು ಗುಂಡಿಗಳ ಪಾಯಖಾನೆಯು ಅಗ್ಗವೂ ನಂಬಲರ್ಹವೂ ಆದುದು. ಮೂರಡಿ ಅಗಲದ ಎರಡು ಗುಂಡಿಗಳಿಗೆ ಸಂದುಬಿಟ್ಟ ಇಟ್ಟಿಗೆಯ ಗೋಡೆ ಕಟ್ಟಿ, ಒಂದನ್ನು ಬಳಸುವಾಗ ಇನ್ನೊಂದನ್ನು ಮುಚ್ಚಿಡುವುದು ಇದರ ಕ್ರಮ. ಐದು ಜನರ ಸಂಸಾರಕ್ಕೆ ಒಂದು ಗುಂಡಿ ತುಂಬಲು ಸುಮಾರು ಮೂರು ವರ್ಷ. ತುಂಬಿದುದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಯಾರೂ ಮಲವನ್ನು ಕೈಯಿಂದ ಮುಟ್ಟಬೇಕಾಗಿಲ್ಲ. ಇದರ ದೊಡ್ಡ ಗುಣವೇ ಇದು. ಬಚ್ಚಲ ನೀರನ್ನು ಮಾತ್ರ ಇದಕ್ಕೆ ಬಿಡದೆ, ಹಿರಿಯರು ಮಾಡುತ್ತಿದ್ದಂತೆ ಬಾಳೆ ತೆಂಗುಗಳ ಬುಡಕ್ಕೆ ಹರಿಸಬೇಕು.

ಆದರೆ ಎಚ್ಚರ! ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಬೇಗನೆ ಇಳಿಯುತ್ತದೆ; ಮಳೆಗಾಲದಲ್ಲಿ ಬಾವಿಯ ನೀರು ಮೇಲಕ್ಕೇರುತ್ತದೆ. ಗುಂಡಿಯು ಬಾವಿಗೆ ಐವತ್ತಡಿಯಾದರೂ ದೂರದಲ್ಲಿ, ಇಳಿಜಾರಿನ ಕೆಳಗಡೆ ಇರಲಿ. ನೆರೆಯವನ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಐದು ಸೆಂಟ್ಸಿನಲ್ಲಿ ಅಷ್ಟು ದೂರ ಸಿಗದಿದ್ದರೆ ಭದ್ರವಾದ ಟ್ಯಾಂಕು ಕಟ್ಟಿಸಿ, ಕಾಲಕಾಲಕ್ಕೆ ಗಾಡಿಯಿಂದ ಹೂಳು ತೆಗೆಯಿಸುವುದೇ ಕ್ಷೇಮ. ಆ ಹೂಳು ಕಾಡಿಗೋ ಹೊಳೆಗೋ ಸೇರಬಾರದು. ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಹೂಳನ್ನು ಸಂಸ್ಕರಿಸುವ ಸ್ಥಾವರವು ಆರಂಭವಾಯಿತು. ಚಿಕ್ಕ ಪಟ್ಟಣಕ್ಕೂ ಇದು ಸಾಧ್ಯವೆಂಬುದಕ್ಕೆ ಅದು ನಿದರ್ಶನ.

ಪಗಡಿಯನ್ನೂ ಬಾಡಿಗೆಯನ್ನೂ ತಪ್ಪದೆ ಎಣಿಸಿಕೊಳ್ಳುವ ಮಾಲಿಕನಿಗೆ ಮೋರಿಯ ನೀರು ಹರಿಯುವ ದಾರಿಯ ಹೊಣೆಯೂ ಇದೆ. ಮತ ಕೇಳಲು ಓಣಿಗೆ ಬರುವವರಿಗೂ ಇದೆ. ನಮ್ಮ ಸಂಘಗಳು ವಾರ್ಷಿಕೋತ್ಸವಕ್ಕೆ ಕೂಡಿಸುವ ಶಕ್ತಿಯಲ್ಲಿ ಒಂದಂಶವನ್ನು ಈ ಕಾರ್ಯಕ್ಕೆ ಮೀಸಲಿಡಲಿ. ಮಳೆಗೆ ಮುನ್ನವೇ ಪಾಲಿಕೆಯ ವಾರ್ಡು ಕಚೇರಿಗೆ ಹತ್ತು ಸಹಿಗಳ ಬದಲು ನೂರು ಸಹಿಗಳ ಮನವಿ ಹೋಗಲಿ. ಮನೆ ಚಿಕ್ಕದಾದುದು ನಮ್ಮ ತಪ್ಪಲ್ಲ. ಅದರ ಕೊಳಚೆಯನ್ನು ನೆರೆಯವನ ಹೊಸ್ತಿಲಿಗೆ ದೂಡಿದರೆ ಅದು ನಮ್ಮ ತಪ್ಪೇ ಸರಿ.